ಶಾಸಕರು ಸದನದಲ್ಲಿ ಏನು ಕೇಳಿದರು?



ಪೀಣ್ಯದ ಮಗ್ಗುಲಿನ ಬಾಗಲಗುಂಟೆಗೂ ನಮ್ಮ ಕಾಫಿ ಕಣ, ಅಡಿಕೆ ಅಟ್ಟಗಳಿಗೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಸಂಬಂಧವಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಪೀಣ್ಯದ ಕಾರ್ಖಾನೆಗಳನ್ನೂ ಬೆಂಗಳೂರಿನ ಕಚೇರಿಗಳನ್ನೂ ನಂಬಿ, ಅಂಥ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ತೋಟದಲ್ಲಿ ಉಳಿದ ತಂದೆ ಒಬ್ಬ ಶಾಸಕರನ್ನು ಆರಿಸುತ್ತಾನೆ, ಅಲ್ಲಿ ನೆಲೆಸಿದ ಮಗ ಇನ್ನೊಬ್ಬರನ್ನು. ಶಾಸಕರಿಂದ ಏನನ್ನು ನಿರೀಕ್ಷಿಸಬೇಕು ಎಂಬ ವಿಷಯದಲ್ಲಿ ಮಾತ್ರ ಇಬ್ಬರಲ್ಲೂ ಒಂದೇ ತಿಳಿವಳಿಕೆ ಬೇರೂರಿದೆ. ಆ ತಿಳಿವಳಿಕೆ ಸರಿಯೇ ಎಂಬುದು ಈ ಲೇಖನದ ವಿಷಯ.

ಚರಂಡಿಗೂ ಶಾಸಕರೇ

ದಾಸರಹಳ್ಳಿ ನಗರಸಭೆಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಕ್ಷೇತ್ರ ಪುನರ್ವಿಂಗಡಣೆಯ ನಂತರ, 2008ರ ಚುನಾವಣೆಯಲ್ಲಿ ದಾಸರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಅಸ್ತಿತ್ವಕ್ಕೆ ಬಂತು. ಬಾಗಲಗುಂಟೆ ಅದರೊಳಗಿನ ಒಂದು ವಾರ್ಡು. ಪಾಲಿಕೆಯ ಚುನಾವಣೆಗಳು 2010ರಲ್ಲಿ ಮತ್ತು 2015ರಲ್ಲಿ ನಡೆದವು. ಆರಿಸಿ ಬಂದ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷದ ಮೇಲೆ ವರ್ಷ ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದವು.

ವಾರ್ಡಿನ ಸದಸ್ಯನೇ ಇಲ್ಲದ ಮೇಲೆ ಚರಂಡಿ ಕಟ್ಟಿದರೂ, ಬೀದಿ ದೀಪ ಕೆಟ್ಟರೂ ಜನ ಯಾರ ಬಳಿಗೆ ಹೋಗಬೇಕು? ಶಾಸಕರ ಮನೆಗೆ. ನಮ್ಮ ಊರುಗಳಲ್ಲಿಯೂ ಗ್ರಾಮ ಪಂಚಾಯಿತಿಯ ಕೆಲಸಕ್ಕೆ ಶಾಸಕರನ್ನು ಹುಡುಕುವವರು ಕಡಿಮೆಯಿಲ್ಲ. ಮದುವೆಗೆ ಬಂದರೇ, ಸಾವಿಗೆ ಬಂದರೇ, ಮೋರಿ ಕಟ್ಟಿಸಿದರೇ ಎಂದು ಲೆಕ್ಕ ಹಾಕುತ್ತೇವೆ. ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದರು, ಯಾವ ಉತ್ತರ ಪಡೆದರು ಎಂದು ವಿಚಾರಿಸುವವರು ಊರಿಗೆ ಒಬ್ಬರು ಸಿಕ್ಕರೆ ಹೆಚ್ಚು. ಮೋರಿಯನ್ನು ಪಂಚಾಯಿತಿಯಾಗಲಿ ಇಂಜಿನಿಯರಾಗಲಿ ಕಟ್ಟಿಸಬಹುದು. ಸದನದಲ್ಲಿ ಎದ್ದು ನಿಂತು ಮಂತ್ರಿಗಳನ್ನು ಕೇಳುವ ಹಕ್ಕು ಮಾತ್ರ ಸದನದ ಸದಸ್ಯರಿಗಲ್ಲದೆ ಬೇರೆ ಯಾರಿಗೂ ಇಲ್ಲ.

ಕೇಳಿಕೊಳ್ಳುವ ಸಭೆ, ಕೇಳುವ ಸಭೆ

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಜಮೀನುದಾರರೂ ವರ್ತಕರೂ ಅಲ್ಲಿ ಸೇರಿ ತಮ್ಮ ಅಹವಾಲುಗಳನ್ನು ಬಿನ್ನವಿಸಿಕೊಳ್ಳಬಹುದಾಗಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೂ ಅದು ಕೇಳಿಕೊಳ್ಳುವ ಸಭೆ. ಇಂದಿನ ವಿಧಾನಸಭೆ ಕೇಳುವ ಸಭೆ. ಸಂವಿಧಾನದ 164ನೆಯ ಅನುಚ್ಛೇದದ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿದೆ. ನಮ್ಮ ಸಂಘದ ಆಡಳಿತ ಮಂಡಳಿಯು ವಾರ್ಷಿಕ ಮಹಾಸಭೆಯ ಮುಂದೆ ಲೆಕ್ಕ ಒಪ್ಪಿಸುವಂತೆಯೇ ಇದು. ಮಹಾಸಭೆಯಲ್ಲಿ ಸದಸ್ಯರು ಬಾಯಿ ಬಿಡದೆ, ಊಟ ಮುಗಿಸಿ ಎದ್ದು ಹೋದರೆ ಸಂಘದ ಗತಿ ಏನಾಗುವುದೆಂದು ಸಹಕಾರಿಗಳಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಕೈಯಲ್ಲಿರುವ ಸಾಧನಗಳು

ಶಾಸಕರಿಗೆ ಸದನದಲ್ಲಿ ಹಲವು ಸಾಧನಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರಿಸಬೇಕು. ಉತ್ತರ ಸಾಲದಿದ್ದರೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಜರೂರಿನ ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಇದೆ. ಇನ್ನೂ ಗಂಭೀರವಾದುದಕ್ಕೆ ಕಲಾಪವನ್ನೇ ಬದಿಗಿಡಿಸುವ ನಿಲುವಳಿ ಸೂಚನೆ ಇದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ನೋಡಲು ಭರವಸೆಗಳ ಸಮಿತಿ ಇದೆ. ಮಹಾಲೆಕ್ಕಪರಿಶೋಧಕರ ವರದಿಯನ್ನು ಹಿಡಿದು ಖರ್ಚನ್ನು ಜಾಲಾಡಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕಡತ ತರಿಸಿ ವಿಚಾರಿಸುವ ಅವಕಾಶ ಇಂಥ ಸಮಿತಿಗಳಿಗಿದೆ. ಸಾಮಾನ್ಯ ನಾಗರಿಕರ ಮನವಿಗೂ ಬಾಗಿಲು ತೆರೆದಿಡಲು ಅರ್ಜಿಗಳ ಸಮಿತಿ ಇದೆ.

ಪ್ರಶ್ನೆ ದಾಖಲಾದ ಮೇಲೆ ಇಲಾಖೆಯಲ್ಲಿ ನಡೆಯುವುದನ್ನು ಗಮನಿಸಬೇಕು. ತಿಂಗಳುಗಟ್ಟಲೆ ಮಲಗಿದ ಕಡತ ಏಳುತ್ತದೆ. ಸದನದಲ್ಲಿ ಕೊಟ್ಟ ಉತ್ತರ ಅಚ್ಚಾಗಿ ಉಳಿಯುವುದರಿಂದ ತಾಲ್ಲೂಕು ಕಚೇರಿಯಿಂದ ಸಚಿವಾಲಯದವರೆಗೆ ಅಂಕಿ ಅಂಶ ಕೂಡಿಸಬೇಕಾಗುತ್ತದೆ. ಉತ್ತರ ಸುಳ್ಳೆಂದು ಕಂಡರೆ ಅದೇ ಕಾಗದವೇ ಮುಂದಿನ ಪ್ರಶ್ನೆಗೆ ಆಧಾರ. ಸದನ ಕೂಡುವ ದಿನಗಳೇ ಕಡಿಮೆ. ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋದರೆ ಉತ್ತರ ಕೊಡಬೇಕಾದವರಿಗೆ ನಷ್ಟವಿಲ್ಲ, ಕೇಳಬೇಕಾದವರಿಗೇ ನಷ್ಟ.

ಕೊಳಗದ ಅಳತೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹ ನಮ್ಮ ಸೀಮೆಯವರಿಗೆ ಹೊಸತಲ್ಲ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆ ಅಲ್ಲಿನ ತಕರಾರಿಗೆ ಮೂಲ. ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಆರಿಸಿ ಬಂದರು. ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದಲ್ಲಿ ಕುಳಿತೇ ಉಳುವವನ ಹಕ್ಕಿನ ಮಾತನ್ನೂ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿನ ಮಾತನ್ನೂ ಎತ್ತುತ್ತಾ ಬಂದರು. 1972ರ ಜೂನ್ 9ರಂದು ತೀರಿಕೊಂಡರು. ಹೆಸರು ಬಂದದ್ದು 1973ರ ನವೆಂಬರ್ 1ರಂದು; ಗೇಣಿ ಪದ್ಧತಿಯನ್ನು ಅಳಿಸಿದ ಭೂ ಸುಧಾರಣಾ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಎರಡನ್ನೂ ಅವರು ಕಾಣಲಿಲ್ಲ. ಮುಂದೆ ಅದೇ ಕಾಗೋಡಿನ ಶ್ರೀ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾದರು.

ಅಂದು ಗೇಣಿ ಕೊಟ್ಟವರ ಮಕ್ಕಳೂ ಗೇಣಿ ಪಡೆದವರ ಮಕ್ಕಳೂ ಇಂದು ಒಂದೇ ಸಹಕಾರ ಸಂಘದ ಸದಸ್ಯರು. ಆ ಕಾನೂನಿನ ಬಗ್ಗೆ ಅವರವರ ಮನೆಯ ನೆನಪು ಬೇರೆ ಬೇರೆ ಇರಬಹುದು. ಆದರೆ ಕೊಳಗ ಎಲ್ಲರಿಗೂ ಒಂದೇ ಇರಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಸರ್ಕಾರದ ಕೈಯಲ್ಲಿರುವ ಕೊಳಗವನ್ನು ಆಗಾಗ ಅಳೆದು ನೋಡುವುದೇ ಶಾಸಕರ ಮೂಲ ಕೆಲಸ.

ಅರಕಲಗೂಡಿನವರು, ರಾಣೆಬೆನ್ನೂರಿನವರು

ಬಾಗಲಗುಂಟೆಯ ಹೆಸರಿನಲ್ಲೇ ಕುಂಟೆ ಇದೆ. ಬೆಂಗಳೂರಿನ ಸುತ್ತ ಕೆರೆ, ಕುಂಟೆ, ಗೋಮಾಳಗಳ ಮೇಲೆ ಬಡಾವಣೆಗಳು ಎದ್ದ ಕಥೆಯನ್ನು ಲೆಕ್ಕ ಸಮೇತ ಹೊರಗೆ ತಂದದ್ದು ಸದನದ ಸಮಿತಿಗಳೇ. ಶ್ರೀ ಎ. ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿಯು ಬೆಂಗಳೂರು ನಗರ ಜಿಲ್ಲೆಯಲ್ಲಿ ಇಪ್ಪತ್ತೇಳು ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದು 2007ರಲ್ಲಿ ವರದಿ ಮಾಡಿತು. 2014ರಲ್ಲಿ ರಚನೆಯಾದ ಶ್ರೀ ಕೆ. ಬಿ. ಕೋಳಿವಾಡರ ಸಮಿತಿಯು ಕೆರೆಗಳ ಒತ್ತುವರಿ ಹತ್ತು ಸಾವಿರ ಎಕರೆ ಮೀರಿದೆ ಎಂದು 2017ರ ವರದಿಯಲ್ಲಿ ತಿಳಿಸಿತು. ಮೊದಲ ವರದಿಯ ಬೆನ್ನಿಗೆ ಸಾರ್ವಜನಿಕ ಭೂಮಿ ಸಂರಕ್ಷಣೆಗೆ ಕಾರ್ಯಪಡೆ ರಚನೆಯಾಯಿತು. 2011ರ ಭೂಕಬಳಿಕೆ ನಿಷೇಧ ಅಧಿನಿಯಮವೂ ವಿಶೇಷ ನ್ಯಾಯಾಲಯವೂ ಬಂದವು. ಒತ್ತುವರಿಯೆಲ್ಲ ತೆರವಾಯಿತೇ ಎಂದರೆ ಇಲ್ಲ. ಆದರೆ ಲೆಕ್ಕ ಈಗ ಕಾಗದದ ಮೇಲಿದೆ, ಕೇಳುವವರಿಗೆ ಆಧಾರವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಾಮಸ್ವಾಮಿಯವರು ಆಗ ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದರು. ಕೋಳಿವಾಡರು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನವರು. ಬೆಂಗಳೂರಿನ ನೆಲಕ್ಕಾಗಿ ಹೊರ ಜಿಲ್ಲೆಯ ಶಾಸಕರು ಕಡತ ಬಿಡಿಸಿದರು. ಅವರನ್ನು ಮೋರಿಯಿಂದ ಮಾತ್ರ ಅಳೆದಿದ್ದರೆ ಆ ಕೆಲಸ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಲ್ಲಿ ಬಾಡಿಗೆಗಿರುವ ನಮ್ಮ ಮಕ್ಕಳ ನೀರಿಗೂ ನೆರೆಗೂ ಆ ಕೆರೆಗಳ ಸಂಬಂಧವಿದೆ.

ಬೆಳೆಗಾರರು ಮಾಡಬೇಕಾದ್ದು

ಮೊದಲನೆಯದಾಗಿ, ಯಾವ ಪ್ರಶ್ನೆ ಯಾವ ಸದನದ್ದೆಂದು ತಿಳಿದಿರಬೇಕು. ಕಾಫಿ ಮಂಡಳಿ 1942ರ ಕೇಂದ್ರ ಕಾನೂನಿನಿಂದ ಬಂದದ್ದು. ತೊಂಬತ್ತರ ದಶಕದಲ್ಲಿ ಪೂಲ್ ಪದ್ಧತಿ ಕಳಚಿದ್ದೂ ಕೇಂದ್ರದ ತೀರ್ಮಾನ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದೂ ಕೇಂದ್ರವೇ. ಇವು ಲೋಕಸಭಾ ಸದಸ್ಯರ ಬಾಯಲ್ಲಿ ಬರಬೇಕಾದ ಪ್ರಶ್ನೆಗಳು. ಆನೆ ಹಾವಳಿಯ ಪರಿಹಾರ, ಪಂಪ್‌ಸೆಟ್ಟಿನ ವಿದ್ಯುತ್ತು, ರಸ್ತೆ, ಪಹಣಿ ತಿದ್ದುಪಡಿ, ತೋಟಗಾರಿಕೆ ಇಲಾಖೆಯ ನೆರವು ಇವೆಲ್ಲ ವಿಧಾನಸಭೆಯ ಪ್ರಶ್ನೆಗಳು.

ಎರಡನೆಯದಾಗಿ, “ಬೆಳೆಗಾರರಿಗೆ ಅನ್ಯಾಯವಾಗಿದೆ” ಎಂಬ ಮನವಿಯಿಂದ ಪ್ರಶ್ನೆ ಹುಟ್ಟುವುದಿಲ್ಲ. ಇಂಥ ಹೋಬಳಿಯಲ್ಲಿ, ಇಂಥ ವರ್ಷದಲ್ಲಿ ಪರಿಹಾರಕ್ಕೆ ಬಂದ ಅರ್ಜಿಗಳೆಷ್ಟು, ಇತ್ಯರ್ಥವಾದವೆಷ್ಟು, ಬಾಕಿಗೆ ಕಾರಣವೇನು ಎಂದು ಬರೆದುಕೊಟ್ಟರೆ ಅದೇ ಪ್ರಶ್ನೆ. ಬಿಡಿ ಬಿಡಿಯಾಗಿ ಹೋಗುವ ಬದಲು ಸಂಘದ ಮೂಲಕ, ಅಧಿವೇಶನಕ್ಕೆ ಸಾಕಷ್ಟು ಮುಂಚೆ ಕೊಡುವುದು ಲೇಸು.

ಮೂರನೆಯದಾಗಿ, ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಶಾಸಕರಿಂದ ಪಡೆದು ಸಂಘದ ನೋಟೀಸು ಬೋರ್ಡಿಗೆ ಹಾಕಬೇಕು. ಅಂಕಿಗಳು ಸರಿಯೇ ಎಂದು ಹೋಬಳಿಯವರೇ ಪರೀಕ್ಷಿಸಬೇಕು. ತಪ್ಪಿದ್ದರೆ ಮತ್ತೆ ಬರೆದುಕೊಡಬೇಕು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಮುಂದಿನ ಸಲ ಶಾಸಕರು ತೋಟದ ಹಾದಿಗೆ ಬಂದಾಗ ಕಾಫಿ ಕೊಟ್ಟು ಕೂರಿಸಿ, ಮೋರಿಯ ಮಾತು ಆಮೇಲಿರಲಿ, ಕಳೆದ ಅಧಿವೇಶನದಲ್ಲಿ ಏನು ಕೇಳಿದಿರಿ ಸ್ವಾಮಿ ಎಂದು ವಿನಯದಿಂದ ವಿಚಾರಿಸಿ. ಬಾಗಲಗುಂಟೆಯಲ್ಲಿರುವ ಮಗನಿಗೂ ಅಲ್ಲಿ ಹಾಗೆಯೇ ಕೇಳಲು ಬರೆದು ತಿಳಿಸಿ.