ನಿಮಗಿದು ಗೊತ್ತೆ? ನಿಪ್ಪಾಣಿ ಹೆಂಗಸರ ಮುಷ್ಕರಕ್ಕೆ ಸಿನಿಮಾ ಸಾಕ್ಷಿ

ನಿಪ್ಪಾಣಿಯ ತಂಬಾಕು ಚಳವಳಿ ಎಂದೊಡನೆ ಚಿಕ್ಕೋಡಿ ಸೀಮೆಯಲ್ಲಿ ನೆನಪಾಗುವುದು 1981ರ ರಸ್ತೆತಡೆ, ರೈತ ನಾಯಕ ಶರದ್ ಜೋಶಿ, ನ್ಯಾಯವಾದ ಬೆಲೆ ಕೇಳಿದ ರೈತರ ಮೇಲಾದ ಗೋಲಿಬಾರ್. ಆದರೆ ಚಳವಳಿಯನ್ನು ರೈತರದ್ದೆಂದಷ್ಟೇ ಬರೆದರೆ ಅರ್ಧ ಇತಿಹಾಸ ಬಿಟ್ಟಂತೆ. ಅದೇ ಊರಿನ ತಂಬಾಕು ಕಾರ್ಖಾನೆಗಳಲ್ಲಿ, ಘಾಟು ದೂಳಿನ ನಡುವೆ ದುಡಿಯುತ್ತಿದ್ದ ಸುಮಾರು 4,000 ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದರು. ಇದಕ್ಕೆ ಸಾಕ್ಷಿ, ನಿರ್ದೇಶಕಿ ದೀಪಾ ಧನರಾಜ್ ಅವರಿದ್ದ ‘ಯುಗಾಂತರ್’ ತಂಡ 1982ರಲ್ಲಿ ತಯಾರಿಸಿದ ಕಪ್ಪು–ಬಿಳುಪು ಚಿತ್ರ ‘ತಂಬಾಕು ಚಾಕಿಲಾ ಊಬ್ ಆಲಿ’.

ಹೊರಗಿನವರು ತೆಗೆದ, ಕೆಲವು ಘಟನೆಗಳನ್ನು ಮತ್ತೆ ನಟಿಸಿ ತೋರಿಸಿದ ಚಿತ್ರ ಸಾಕ್ಷ್ಯವಾದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ನಟಿಸಿದವರು ಬಾಡಿಗೆ ಕಲಾವಿದರಲ್ಲ. ಆ ಕೂಲಿ, ಆ ದೂಳು, ಆ ಮುಷ್ಕರ ಉಂಡವರೇ. ತಾವು ಪಟ್ಟದ್ದನ್ನು ತಾವೇ ಮಾಡಿ ತೋರಿಸುವುದು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳುವುದಕ್ಕಿಂತ ಕಡಿಮೆಯದಲ್ಲ. ನಾಯಕರ ಭಾಷಣ ಪತ್ರಿಕೆಗಳಲ್ಲಿ ಉಳಿಯುತ್ತದೆ, ಓದು–ಬರಹಕ್ಕೆ ಬಿಡುವೇ ಸಿಗದ ಕೂಲಿ ಹೆಂಗಸಿನ ಮಾತು ಹೀಗೆಯೇ ಉಳಿಯಬೇಕು. ಜರ್ಮನಿಯ ಬರ್ಲಿನ್‌ನ ‘ಆರ್ಸೆನಾಲ್’ ಸಂಸ್ಥೆ ಈ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದು ಕಾಪಾಡಿದೆ.