ಹಗುರ ಚೀಲ, ಹಿಡಿಯಷ್ಟು ಲೆನ್ಸು

ಬೆಳಗಾವಿಯ ಕ್ಯಾಂಪಿನಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರು. ಅಲ್ಲಿಂದ ಹಲಸಿಗೆ ಬಸ್ಸು ಹಿಡಿದು, ಗುಡಿಯಿಂದ ಗುಡಿಗೆ ನಡೆಯುವಷ್ಟರಲ್ಲಿ ಹೆಗಲ ಮೇಲಿನ ಕ್ಯಾಮೆರಾ ಚೀಲ ಕಲ್ಲಿನಂತೆ ಭಾರವಾಗಿರುತ್ತದೆ. ಚೀಲದಲ್ಲಿ ಮೂರು ಲೆನ್ಸು. ಸಂಜೆ ಮನೆಗೆ ಬಂದು ನೋಡಿದರೆ ಎರಡರ ಮುಚ್ಚಳವನ್ನೇ ತೆಗೆದಿರುವುದಿಲ್ಲ. ಹಠ ಹಿಡಿದು ಅಪ್ಪನಿಂದ ಪಡೆದ ಹಣ ಮುಚ್ಚಳದೊಳಗೇ ಉಳಿಯಿತು!

ಪ್ರವಾಸದ ಫೋಟೋಗೆ ಉದ್ದನೆಯ ಲೆನ್ಸೇ ಬೇಕೆಂಬುದು ಭ್ರಮೆ. ಲೆನ್ಸಿನ ಮೇಲಿರುವ ಎರಡು ಅಂಕಿಗಳನ್ನು ಓದಲು ಬಂದರೆ ಆಯ್ಕೆ ಅರ್ಧ ಮುಗಿದಂತೆ. ಮಿಲಿಮೀಟರಿನಲ್ಲಿರುವುದು ಸಂಗಮದೂರ. ಅದು ಕಡಿಮೆಯಾದಷ್ಟೂ ಚೌಕಟ್ಟಿನಲ್ಲಿ ಹೆಚ್ಚು ದೃಶ್ಯ ಹಿಡಿಸುತ್ತದೆ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ. ಎಫ್ 1.8, ಎಫ್ 5.6 ಎಂಬುದು ಬೆಳಕಿನ ಕಿಂಡಿಯ ಲೆಕ್ಕ. ಇಲ್ಲಿ ಲೆಕ್ಕ ತಿರುಗುಮುರುಗು: ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಇದು ಚೆನ್ನಾಗಿ ಅರ್ಥವಾಗುತ್ತದೆ. ಕದಂಬರ ಕಾಲದ ಈ ಗುಡಿಯಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿ. ಒಳಗೆ ಮಬ್ಬು ಬೆಳಕು. ಕ್ಯಾಮೆರಾದೊಡನೆ ಬರುವ 18–55 ಮಿ.ಮೀ. ಜೂಮ್ ಲೆನ್ಸು 55ಕ್ಕೆ ಬಂದಾಗ ಸಾಮಾನ್ಯವಾಗಿ ಎಫ್ 5.6ರಷ್ಟೇ ತೆರೆದುಕೊಳ್ಳುತ್ತದೆ. 50 ಮಿ.ಮೀ., ಎಫ್ 1.8ರ ಪುಟ್ಟ ಲೆನ್ಸು ಅದರ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತದೆ. ಕ್ಯಾನನ್ ಕಂಪನಿಯ ಇಂಥದೊಂದು ಲೆನ್ಸಿನ ತೂಕ ಸುಮಾರು 160 ಗ್ರಾಂ. ಫ್ಲಾಶ್ ಬೇಡ, ಸ್ಟ್ಯಾಂಡೂ ಬೇಡ. (ಒಳಗೆ ಫೋಟೋ ತೆಗೆಯಬಹುದೇ ಎಂದು ಕೇಳುವುದು ಮಾತ್ರ ಮೊದಲು.)

ಅದೇ ಲೆನ್ಸು ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಲ್ಲಿ ಸೋಲುತ್ತದೆ. ವಿದ್ಯಾರ್ಥಿಗಳು ಬಳಸುವ ಹೆಚ್ಚಿನ ಕ್ಯಾಮೆರಾಗಳ ಸಂವೇದಕ ಹಳೆಯ 35 ಮಿ.ಮೀ. ಫಿಲ್ಮಿಗಿಂತ ಚಿಕ್ಕದು, ಹಾಗಾಗಿ 50 ಎಂದಿರುವುದು 75–80ರಂತೆ ದೃಶ್ಯವನ್ನು ಕತ್ತರಿಸುತ್ತದೆ. 1204ರ ಈ ಬಸದಿಯ ಛಾವಣಿಯ ಕಲ್ಲಿನ ಕಮಲ, ಸುತ್ತಲಿನ ಕಂಬಗಳ ಸಮೇತ ಬರಬೇಕಾದರೆ ಮತ್ತೆ ಹಳೆಯ ಜೂಮಿನ 18ಕ್ಕೇ ಮರಳಬೇಕು. ಬೀದಿ, ಸಂತೆ, ಗೆಳೆಯರ ಗುಂಪಿಗೆ 24 ಮಿ.ಮೀ. ಹಿತ. ಕ್ಯಾನನ್ನಿನ ಎಫ್ 2.8ರ ಈ ಲೆನ್ಸು 125 ಗ್ರಾಂ. ದಪ್ಪ ಎರಡೂವರೆ ಸೆಂಟಿಮೀಟರಿಗೂ ಕಡಿಮೆ. ಕುಂದಾದ ಡಬ್ಬಿಯೇ ಇದಕ್ಕಿಂತ ಭಾರ!

300 ಮಿ.ಮೀ. ಲೆನ್ಸು ಹಕ್ಕಿಗಳ ಹುಚ್ಚಿರುವವರಿಗೆ ಸರಿ. ಆದರೆ ಕ್ಯಾಂಪು ದಂಡಿನ ಪ್ರದೇಶ, ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಜಾಗ. ಸೇನೆಯ ಆವರಣದತ್ತ ಉದ್ದ ಲೆನ್ಸು ತಿರುಗಿಸಿದರೆ ಫೋಟೋಗಿಂತ ಮೊದಲು ಪ್ರಶ್ನೆಗಳು ಎದುರಾಗುತ್ತವೆ.

ಯಾವುದನ್ನು ಕೊಳ್ಳಬೇಕೆಂಬ ಜಗಳ ಮನೆಯಲ್ಲಿ ಎದ್ದರೆ, ಉತ್ತರ ಕ್ಯಾಮೆರಾದಲ್ಲೇ ಇದೆ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಡನೆ ಅದರ ಸಂಗಮದೂರವನ್ನೂ ದಾಖಲಿಸುತ್ತದೆ. ಮಗಳು ಜೂಮಿನಲ್ಲಿ ತೆಗೆದ ಇನ್ನೂರು ಚಿತ್ರಗಳನ್ನು ತಂದೆ ಜೊತೆಗೆ ಕುಳಿತು ನೋಡಲಿ. ಹೆಚ್ಚಿನವು 24ರ ಆಸುಪಾಸಿನಲ್ಲಿದ್ದರೆ 24 ಕೊಂಡರಾಯಿತು. ಅಂಕಿಗಳು ಎಲ್ಲೆಡೆ ಚೆದುರಿದ್ದರೆ, ಸದ್ಯಕ್ಕೆ ಏನನ್ನೂ ಕೊಳ್ಳದಿರುವುದೇ ಜಾಣತನ.

ಹಳೆಯ ಲೆನ್ಸು ಅಗ್ಗವಾಗಿ ಸಿಕ್ಕರೆ ಬೇಡವೆನ್ನಬೇಕಿಲ್ಲ. ಖಾನಾಪುರದಂಥ ಜಡಿಮಳೆಯ ಸೀಮೆಯಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದುಂಟು. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚು ಬಿಟ್ಟು ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.