ಹಂಚಿಕೊಂಡ ಡಿಸ್ಕಿಗೆ ದಾರಿ ಹೇಗಿರಬೇಕು?

ಒಂದು ಕಾಲೇಜಿನ ಗಣಕ ಕೊಠಡಿಯಲ್ಲಿ ಹತ್ತು ಸರ್ವರುಗಳಿವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಬೇರೆ ಬೇರೆ ಹಾರ್ಡ್ ಡಿಸ್ಕ್ ಇಡುವ ಬದಲು ಎಲ್ಲ ದತ್ತಾಂಶವನ್ನೂ ಒಂದೇ ಸಂಗ್ರಹ ಪೆಟ್ಟಿಗೆಯಲ್ಲಿಟ್ಟು, ಜಾಲದ ಮೂಲಕ ಹಂಚಿಕೊಳ್ಳಬಹುದು. ಜಾಗ ಪೋಲಾಗುವುದಿಲ್ಲ; ಒಂದು ಸರ್ವರ್ ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳುತ್ತದೆ.

ಆದರೆ ಅಪಾಯವೂ ಹಂಚಿಕೆಯಾಗುತ್ತದೆ. ವೆಬ್ ಪುಟ ಎರಡು ಸೆಕೆಂಡ್ ತಡವಾದರೆ ನಾವು ಗೊಣಗುತ್ತೇವೆ, ಅಷ್ಟೆ. ಡಿಸ್ಕ್ ಉತ್ತರಿಸದಿದ್ದರೆ ಗಣಕ ಸುಮ್ಮನಿರುವುದಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಒಂದು ಆದೇಶಕ್ಕೆ 30 ಸೆಕೆಂಡ್ ಕಾದು, ಮತ್ತೆ ಯತ್ನಿಸಿ, ಅದೂ ವಿಫಲವಾದರೆ ಡಿಸ್ಕೇ ಕೆಟ್ಟಿದೆಯೆಂದು ತೀರ್ಮಾನಿಸುತ್ತದೆ. ಕಡತಗಳಿಗೆ ಬರೆಯುವುದು ಅಲ್ಲಿಗೇ ನಿಲ್ಲಬಹುದು. ಪರೀಕ್ಷೆಯ ಅಂಕಗಳನ್ನು ತುಂಬುತ್ತಿರುವ ಹೊತ್ತಿನಲ್ಲಿ ಹೀಗಾದರೆ ಹತ್ತೂ ಸರ್ವರುಗಳು ಒಟ್ಟಿಗೇ ಕೂರುತ್ತವೆ. ಮಾರಾಟಗಾರರ ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವುದು ಗಿಗಾಬಿಟ್‌ಗಳ ಸಂಖ್ಯೆ. ನೀವು ಕೇಳಬೇಕಾದದ್ದು ಬೇರೆ: ಈ ಜಾಲ ಎಷ್ಟು ಹೊತ್ತು ಕಾಯಿಸುತ್ತದೆ? ಯಾವಾಗ ದತ್ತಾಂಶವನ್ನು ಕೈಬಿಡುತ್ತದೆ?

ಕೈಬಿಡುವುದೆಂದರೇನು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ದೊಡ್ಡ ಕಡತವೊಂದನ್ನು ಎಂಟು ಸಂಗ್ರಹ ಪೆಟ್ಟಿಗೆಗಳಿಗೆ ಹಂಚಿ ಇಟ್ಟಿದ್ದೇವೆ. ಸರ್ವರ್ ಕೇಳಿದೊಡನೆ ಎಂಟೂ ಪೆಟ್ಟಿಗೆಗಳು ತಲಾ 256 ಕಿಲೊಬೈಟ್‌ಗಳನ್ನು ಒಟ್ಟಿಗೇ ಕಳಿಸುತ್ತವೆ. ಅಂದರೆ ಸುಮಾರು 2 ಮೆಗಾಬೈಟ್. ಎಲ್ಲ ಕೊಂಡಿಗಳ ವೇಗವೂ 1 ಗಿಗಾಬಿಟ್, ಅಂದರೆ ಸೆಕೆಂಡಿಗೆ 125 ಮೆಗಾಬೈಟ್ ಇರಲಿ. ಎಂಟು ನಲ್ಲಿಗಳ ನೀರು ಒಂದೇ ಆಲಿಕೆಗೆ ಬಿದ್ದಂತೆ. ಸ್ವಿಚ್ಚಿನಿಂದ ಹೊರಹೋಗುವುದು ಎಂಟರಲ್ಲೊಂದು ಪಾಲು ಮಾತ್ರ. ಉಳಿದ ಸುಮಾರು 1.75 ಮೆಗಾಬೈಟ್ ಅದರ ಬಫರ್ ಸ್ಮೃತಿಯಲ್ಲಿ ಕಾಯಬೇಕು. ಅಷ್ಟು ಜಾಗವಿಲ್ಲದಿದ್ದರೆ? ಸಾಮಾನ್ಯ ಈಥರ್ನೆಟ್ ಸ್ವಿಚ್ ಹೆಚ್ಚಾದ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ.

ಕಳೆದದ್ದನ್ನು ಟಿಸಿಪಿ ಮತ್ತೆ ಕಳಿಸುತ್ತದಲ್ಲ ಎನ್ನುವಿರಿ. ನಿಜ, ಕಳಿಸುತ್ತದೆ. ಆದರೆ ಸಾಲಿನ ಕೊನೆಯ ಪ್ಯಾಕೆಟ್ಟೇ ಕಳೆದರೆ, ಅದರ ಹಿಂದೆ ಬಂದು ಸುಳಿವು ಕೊಡುವ ಪ್ಯಾಕೆಟ್ ಇರುವುದಿಲ್ಲ. ಆಗ ಕಾಲಮಿತಿ ಮುಗಿಯುವವರೆಗೆ ಕಾಯಬೇಕು. ಲಿನಕ್ಸಿನಲ್ಲಿ ಈ ಮಿತಿ ಕನಿಷ್ಠ 200 ಮಿಲಿಸೆಕೆಂಡ್ ಎಂದೇ ಇಟ್ಟುಕೊಂಡು ಬಂದಿದ್ದಾರೆ. 2 ಮೆಗಾಬೈಟ್ ಸಾಗಲು ಬೇಕಾದದ್ದು 16 ಮಿಲಿಸೆಕೆಂಡ್. ಈಗ ಆದದ್ದು 216. ಒಂದು ಪ್ಯಾಕೆಟ್ಟಿನ ನಷ್ಟದಿಂದ ವೇಗ ಹದಿಮೂರನೆಯ ಒಂದು ಪಾಲಿಗೆ ಕುಸಿಯಿತು!

ಫೈಬರ್ ಚಾನೆಲ್ ಜಾಲದಲ್ಲಿ ಇದಕ್ಕೆ ಸರಳ ಉಪಾಯವಿದೆ. 1994ರಿಂದಲೂ ಮಾನಕದ ರೂಪದಲ್ಲಿರುವ ತಂತ್ರಜ್ಞಾನವಿದು. 'ನನ್ನಲ್ಲಿ ಇಷ್ಟು ಫ್ರೇಮ್‌ಗಳಿಗೆ ಜಾಗವಿದೆ' ಎಂದು ಪಡೆಯುವವನು ಮೊದಲೇ ತಿಳಿಸುತ್ತಾನೆ. ಕಳಿಸುವವನು ಒಂದೊಂದು ಫ್ರೇಮಿಗೂ ತನ್ನ ಖಾತೆಯಿಂದ ಒಂದು ಕಳೆಯುತ್ತಾನೆ. ಜಾಗ ತೆರವಾಯಿತೆಂಬ ಸೂಚನೆ ಬಂದಾಗ ಒಂದು ಕೂಡುತ್ತಾನೆ. ಖಾತೆ ಸೊನ್ನೆಯಾದರೆ ನಿಲ್ಲುತ್ತಾನೆ. ಹಾಗಾಗಿ ಬಫರ್ ಉಕ್ಕಿ ಚೆಲ್ಲುವ ಪ್ರಶ್ನೆಯೇ ಇಲ್ಲ.

ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಗಾಜಿನ ತಂತುವಿನ ವಕ್ರೀಭವನಾಂಕ ಸುಮಾರು 1.47 ಆದ್ದರಿಂದ ಬೆಳಕು 1 ಕಿಲೊಮೀಟರ್ ಸಾಗಲು 5 ಮೈಕ್ರೊಸೆಕೆಂಡ್, ಹೋಗಿಬರಲು 10. ಸೆಕೆಂಡಿಗೆ 800 ಮೆಗಾಬೈಟ್ ಸಾಗಿಸುವ ಕೊಂಡಿಯಲ್ಲಿ 2 ಕಿಲೊಬೈಟಿನ ಫ್ರೇಮ್ ಹೊರಡಲು ಸುಮಾರು 2.6 ಮೈಕ್ರೊಸೆಕೆಂಡ್ ಸಾಕು. ಉತ್ತರ ಬರುವವರೆಗೆ ತಂತು ಖಾಲಿ ಬಿದ್ದಿರಬಾರದೆಂದರೆ ಕಿಲೊಮೀಟರಿಗೆ ನಾಲ್ಕು ಫ್ರೇಮ್‌ಗಳ ಖಾತೆ ಬೇಕು. 50 ಕಿಲೊಮೀಟರಿಗೆ ಎಷ್ಟು? ವಿದ್ಯಾರ್ಥಿಗಳೇ ಲೆಕ್ಕಹಾಕಲಿ. ಅಗ್ನಿ ಅನಾಹುತಕ್ಕೆ ಹೆದರಿ 100 ಕಿಲೊಮೀಟರ್ ದೂರದಲ್ಲಿ ಪ್ರತಿ ಇಟ್ಟು, ಅದೂ ಬರೆದಾದ ಮೇಲೆಯೇ ಮುಂದಿನ ಬರಹಕ್ಕೆ ಹೋಗುವ ಪದ್ಧತಿಯಿದ್ದರೆ, ಒಂದೊಂದಕ್ಕೂ 1 ಮಿಲಿಸೆಕೆಂಡ್ ಹೆಚ್ಚುತ್ತದೆ. ಯಾವ ಸ್ವಿಚ್ ಕೊಂಡರೂ ಅದು ತಗ್ಗದು.

ಇಷ್ಟೆಲ್ಲ ಕೇಳಿ ಕಾಲೇಜಿಗೆ ಫೈಬರ್ ಚಾನೆಲ್ ಕೊಳ್ಳಬೇಡಿ. ಡಿಸ್ಕಿನ ಆದೇಶಗಳನ್ನು ಟಿಸಿಪಿ ಮೇಲೆಯೇ ಸಾಗಿಸುವ ಐ-ಸ್ಕಸಿ ಮಾನಕ 2004ರಲ್ಲಿ ಬಂತು. ಸಾಮಾನ್ಯ ಈಥರ್ನೆಟ್ ಸಾಕು. ಷರತ್ತು ಒಂದೇ: ಹಾಸ್ಟೆಲಿನ ಅಂತರಜಾಲ ಅದೇ ಸ್ವಿಚ್ಚಿನಲ್ಲಿ ಹರಿಯಬಾರದು. ಬಫರ್ ಸ್ಮೃತಿ ಹೆಚ್ಚಿರುವ ಪ್ರತ್ಯೇಕ ಸ್ವಿಚ್‌ಗಳಿರಲಿ, ಅವೂ ಎರಡಿರಲಿ.

ಎರಡೇಕೆ? 99.9 ಶೇಕಡ ಕಾಲ ಸುಸ್ಥಿತಿಯಲ್ಲಿರುವ ಒಂದು ದಾರಿ ವರ್ಷಕ್ಕೆ ಸುಮಾರು 8.8 ಗಂಟೆ ಕೆಟ್ಟಿರುತ್ತದೆ. ಅಂಥ ಎರಡೂ ದಾರಿಗಳು ಏಕಕಾಲಕ್ಕೆ ಕೆಡುವ ಸಂಭಾವ್ಯತೆ ಹತ್ತು ಲಕ್ಷಕ್ಕೊಂದು: ವರ್ಷಕ್ಕೆ ಕೇವಲ 32 ಸೆಕೆಂಡ್. ಆದರೆ ಈ ಗುಣಾಕಾರಕ್ಕೆ ಎರಡೂ ಘಟನೆಗಳು ಸ್ವತಂತ್ರವಾಗಿರಬೇಕು. ಎರಡು ಸ್ವಿಚ್‌ಗಳೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ, ಎರಡು ಕೇಬಲ್‌ಗಳೂ ಇಲಿ ಓಡಾಡುವ ಒಂದೇ ಕೊಳವೆಯಲ್ಲಿದ್ದರೆ ಗುಣಾಕಾರ ಕಾಗದದ ಮೇಲೆ ಮಾತ್ರ. ಹೊರೆಯನ್ನೂ ನೋಡಿ. ಎರಡೂ ದಾರಿಗಳು 60 ಶೇಕಡ ತುಂಬಿದ್ದರೆ, ಒಂದು ಹೋದಾಗ ಇನ್ನೊಂದರ ಮೇಲೆ ಬೀಳುವುದು 120 ಶೇಕಡ. ಮತ್ತೆ ಆಲಿಕೆಯ ಕತೆ.

ಜಾಲ ಸಿದ್ಧವಾದ ದಿನ, ನಿಜವಾದ ದತ್ತಾಂಶ ತುಂಬುವ ಮೊದಲು, ಒಂದು ಪ್ರಯೋಗ ಮಾಡಿ. ದೊಡ್ಡ ಕಡತವೊಂದನ್ನು ಬರೆಯಲು ಹಚ್ಚಿ, ಮಧ್ಯದಲ್ಲಿ ಒಂದು ಕೇಬಲ್ಲನ್ನು ಕಿತ್ತುಬಿಡಿ. ಬರಹ ಎಷ್ಟು ಸೆಕೆಂಡ್ ನಿಂತು ಮುಂದುವರಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಅನಂತರ ಆ ಕೇಬಲ್ಲನ್ನು ಮರಳಿ ಸಿಕ್ಕಿಸಿ, ಇನ್ನೊಂದನ್ನು ಕೀಳಿ.